ಹೆಡ್‌ಮಾಸ್ತರರ ಕುರ್ಚಿಗೂ ಪಾಠ ಬೇಕು

ಬ್ಯಾಡಗಿ ಎಂದೊಡನೆ ನಿಮಗೆ ನೆನಪಾಗುವುದೇನು? ಅಡುಗೆಮನೆಯ ಡಬ್ಬದಲ್ಲಿರುವ, ಮೈಯೆಲ್ಲ ಸುಕ್ಕುಗಟ್ಟಿದ, ಸಾರಿಗೆ ಕೆಂಪು ಬಣ್ಣ ಕೊಡುವ ಒಣಮೆಣಸಿನಕಾಯಿ ತಾನೇ? 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಿಂದ ಹಾವೇರಿ ಜಿಲ್ಲೆಯ ಈ ಪುಟ್ಟ ಊರಿನ ಹೆಸರು ದೇಶದಾಚೆಗೂ ಹೋಗಿದೆ. ಹೊಸ ಬೆಳೆ ಬರತೊಡಗಿದರೆ ಪೇಟೆಗೆ ಲಾರಿಗಟ್ಟಲೆ ಚೀಲಗಳು ಬಂದಿಳಿಯುತ್ತವೆ. ಊರಿಗೆ ಕಾಲಿಟ್ಟವರಿಗೆ ಮೊದಲು ಸೀನು ಬರುತ್ತದೆ, ಆಮೇಲೆ ಮಾತು ಬರುತ್ತದೆ!

ಆ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಯಾರು? ಹೆಂಗಸರು. ಹಿಂದೂ, ಮುಸ್ಲಿಮ್ ಎನ್ನದೆ ಬಡ ಮನೆಗಳ ಎಷ್ಟೋ ತಾಯಂದಿರು ಮೂಗಿಗೆ ಸೆರಗು ಕಟ್ಟಿ, ರಾಶಿಯ ಮುಂದೆ ಕುಳಿತು, ದಿನವಿಡೀ ತೊಟ್ಟು ಬಿಡಿಸುತ್ತಾರೆ. ಸಂಜೆ ಮನೆಗೆ ಬಂದಾಗ ಕೈ ಉರಿ, ಕಣ್ಣು ಉರಿ. ಆ ಕೈಯಲ್ಲಿ ಮಗುವಿನ ಕೆನ್ನೆ ಮುಟ್ಟಲೂ ಹೆದರಿಕೆ.

ತಾಯಿ ಕೂಲಿಗೆ ಹೋದ ದಿನ ಮನೆಯಲ್ಲಿರುವ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳಬೇಕು? ಅದು ಬಹಳ ಸಲ ಆರನೇ ಇಲ್ಲವೇ ಏಳನೇ ತರಗತಿಯಲ್ಲಿ ಓದುವ ಅಕ್ಕನ ಪಾಲಿಗೆ ಬರುತ್ತದೆ. ಪೇಟೆಯಲ್ಲಿ ಮೆಣಸಿನಕಾಯಿ ಹೆಚ್ಚು ಬರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಶಾಲೆಯಲ್ಲಿ ಪರೀಕ್ಷೆ ಹತ್ತಿರವಾಗುವುದೂ ಅದೇ ತಿಂಗಳುಗಳಲ್ಲಿ.

ಸಹೋದರಿಯರೇ, ಹೆಡ್‌ಮಾಸ್ತರರ ವಿಷಯ ಬರೆಯಹೊರಟವಳು ಮೆಣಸಿನಕಾಯಿಯ ಕಥೆ ಹೇಳುತ್ತಿದ್ದಾಳಲ್ಲ ಎಂದುಕೊಂಡಿರಾ? ಸಂಬಂಧವಿದೆ. ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ ಎಂದುಕೊಳ್ಳಿ. ಒಂದು ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ನಾಲ್ಕು ಗೈರುಹಾಜರಿ ಬೀಳುತ್ತವೆ, ಅಷ್ಟೇ. ಇನ್ನೊಂದು ಶಾಲೆಯ ಹೆಡ್‌ಮಾಸ್ತರರು ಐದನೆಯ ದಿನ ಬೆಳಿಗ್ಗೆ ಆಕೆಯ ಮನೆ ಬಾಗಿಲಲ್ಲಿ ನಿಂತಿರುತ್ತಾರೆ.

“ಯಾಕ್ರೀ ಅಮ್ಮಾರ, ನಾಕು ದಿನಾ ಆತು, ಹುಡುಗಿ ಸಾಲೀಗೆ ಬಂದಿಲ್ಲಲ್ಲ?”

“ಸೀಸನ್ ಐತ್ರೀ ಸರ. ಸಣ್ಣಾಂವನ್ನ ಹಿಡಕೊಳ್ಳಾಕ ಮನ್ಯಾಗ ಯಾರೂ ಇಲ್ರೀ.”

“ಅಂಗನವಾಡಿಗೆ ಹಚ್ಚೋಣಂತ, ನಾ ಮಾತಾಡ್ತೇನಿ. ಹುಡುಗೀನ ಮಾತ್ರ ಬಿಡಿಸಬ್ಯಾಡ್ರಿ.”

ಕಟ್ಟಡ ಒಂದೇ ತರಹದ್ದು, ಪಠ್ಯಪುಸ್ತಕ ಒಂದೇ, ಬಿಸಿಯೂಟದ ಅಕ್ಕಿಯೂ ಒಂದೇ. ಆದರೂ ಈ ಎರಡು ಶಾಲೆಗಳ ನಡುವೆ ಇಷ್ಟು ಅಂತರವೇಕೆ? ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕುಳಿತವರಿಂದ. ಹಾಗಾದರೆ ಆ ಕುರ್ಚಿಯಲ್ಲಿ ಕೂರುವವರನ್ನು ಈ ಕೆಲಸಕ್ಕೆ ತಯಾರು ಮಾಡುವವರು ಯಾರು? ನಾವು ಕೇಳಲು ಮರೆತ ಪ್ರಶ್ನೆ ಇದು.

ನಿನ್ನೆ ಶಿಕ್ಷಕ, ಇಂದು ಹೆಡ್‌ಮಾಸ್ತರು

ನಮ್ಮಲ್ಲಿ ಶಿಕ್ಷಕರಾಗಬೇಕಾದರೆ ಡಿ.ಎಡ್. ಅಥವಾ ಬಿ.ಎಡ್. ಓದಬೇಕು. ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು, ಪರೀಕ್ಷೆ ಪಾಸಾಗಬೇಕು. ಆದರೆ ಹೆಡ್‌ಮಾಸ್ತರರಾಗಲು? ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುತೇಕ ಎಲ್ಲರೂ ಸೇವಾ ಜ್ಯೇಷ್ಠತೆಯಿಂದ ಬಡ್ತಿ ಪಡೆದು ಆ ಸ್ಥಾನಕ್ಕೆ ಬರುತ್ತಾರೆ. ಇಪ್ಪತ್ತು ವರ್ಷ ಗಣಿತ ಕಲಿಸಿದವರು ಒಂದು ಬೆಳಿಗ್ಗೆ ಬೀಗದ ಕೈಗೊಂಚಲು, ಹತ್ತಾರು ರಿಜಿಸ್ಟರುಗಳು ಮತ್ತು ಬ್ಯಾಂಕಿನ ಪಾಸ್‌ಬುಕ್ಕನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅಂದಿನಿಂದ ಅವರೇ ಹೆಡ್‌ಮಾಸ್ತರು.

ಚಿಕ್ಕ ಶಾಲೆಗಳ ಪರಿಸ್ಥಿತಿ ಇನ್ನೂ ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರಿರಬೇಕು. ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿಯ ಮುಖ್ಯ ಶಿಕ್ಷಕರು ಬೇಕು. ಅದಕ್ಕಿಂತ ಕಡಿಮೆ ಮಕ್ಕಳಿರುವ ಹಳ್ಳಿಯ ಶಾಲೆಗಳಲ್ಲಿ ಇರುವ ಶಿಕ್ಷಕರಲ್ಲೇ ಒಬ್ಬರು ‘ಪ್ರಭಾರಿ’ ಆಗುತ್ತಾರೆ. ಅವರು ತಮ್ಮ ತರಗತಿಗಳ ಪಾಠವನ್ನೂ ಮಾಡಬೇಕು, ಶಾಲೆಯನ್ನೂ ನಡೆಸಬೇಕು.

ಶಾಲೆ ನಡೆಸುವುದೆಂದರೆ ಏನೇನು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಬಿಸಿಯೂಟ, ಅದರ ಅಕ್ಕಿ-ಬೇಳೆ-ಎಣ್ಣೆಯ ಲೆಕ್ಕ, ಅಡುಗೆಯವರ ಹಾಜರಿ. ಮಕ್ಕಳ ವಿವರಗಳನ್ನು ‘ಸ್ಯಾಟ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ತುಂಬಿಸುವುದು. ಪಠ್ಯಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನದ ಅರ್ಜಿಗಳು. ಶೌಚಾಲಯಕ್ಕೆ ನೀರು ಬಾರದಿದ್ದರೆ ಪಂಚಾಯಿತಿಗೆ ಅಲೆದಾಟ. ಇಲಾಖೆಯ ಸಭೆಗಳು. ಇವೆಲ್ಲ ಮುಗಿದ ಮೇಲೆ ಉಳಿದ ಸಮಯದಲ್ಲಿ ಮಕ್ಕಳು ಕಲಿಯುತ್ತಿದ್ದಾರೆಯೇ ಎಂದು ನೋಡಬೇಕು!

ನಿಜವಾಗಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದನ್ನೇ. ಕೆನಡಾದ ಶಿಕ್ಷಣತಜ್ಞ ಕೆನೆತ್ ಲೀತ್‌ವುಡ್ ಮತ್ತು ಅವರ ಜೊತೆಗಾರರು ಶಾಲೆಗಳ ಬಗೆಗಿನ ಅನೇಕ ಅಧ್ಯಯನಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ವರದಿ ಕೊಟ್ಟರು. ಶಾಲೆಯೊಳಗಿನ ಸಂಗತಿಗಳ ಪೈಕಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ತರಗತಿಯ ಪಾಠ, ಎರಡನೆಯದು ಶಾಲೆಯ ನಾಯಕತ್ವ ಎಂಬುದು ಅದರ ಸಾರ. ಇದನ್ನು ತಿಳಿಯಲು ಕೆನಡಾಕ್ಕೇ ಹೋಗಬೇಕಿಲ್ಲ. ಒಳ್ಳೆಯ ಹೆಡ್‌ಮಾಸ್ತರರು ವರ್ಗವಾಗಿ ಹೋದ ವರ್ಷ ಶಾಲೆಗೆ ಏನಾಯಿತೆಂದು ಆ ಊರಿನ ತಾಯಂದಿರನ್ನು ಕೇಳಿದರೆ ಸಾಕು.

ಧಾರವಾಡದ ಹಳೆಯ ದಾರಿ

ಈ ಸೀಮೆಗೆ ಶಿಕ್ಷಕರ ತರಬೇತಿ ಹೊಸ ವಿಷಯವೇನೂ ಅಲ್ಲ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಬ್ಯಾಡಗಿ, ರಾಣೆಬೆನ್ನೂರುಗಳೆಲ್ಲ ಧಾರವಾಡ ಜಿಲ್ಲೆಯವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಕನ್ನಡ ನಾಡಿನ ಶಾಲೆಗಳಲ್ಲೂ ಮರಾಠಿಯದೇ ಮೇಲುಗೈಯಾಗಿತ್ತು. ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು 1881ರಲ್ಲಿ ತೀರಿಕೊಂಡ ಡೆಪ್ಯೂಟಿ ಚನ್ನಬಸಪ್ಪನವರು. ಶಿಕ್ಷಕರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಸ್ಕೂಲನ್ನು ಅವರು ನಡೆಸಿದರು. ಮುಂದೆ ಶಿಕ್ಷಣ ಇಲಾಖೆಯ ಡೆಪ್ಯೂಟಿ ಇನ್‌ಸ್ಪೆಕ್ಟರರಾದರು. ಆ ಹುದ್ದೆಯೇ ಅವರ ಹೆಸರಿನೊಂದಿಗೆ ಶಾಶ್ವತವಾಗಿ ಸೇರಿಕೊಂಡಿತು.

ಚನ್ನಬಸಪ್ಪನವರು ಒಂದು ಸತ್ಯವನ್ನು ಕಂಡುಕೊಂಡಿದ್ದರು. ಊರೂರಿಗೆ ಶಾಲೆ ತೆರೆದರೆ ಸಾಲದು, ಆ ಶಾಲೆಗೆ ತಕ್ಕ ಮಾಸ್ತರರನ್ನೂ ತಯಾರಿಸಬೇಕು. ಇದೇ ಮಾತನ್ನು ಇಂದು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯಬೇಕಾಗಿದೆ. ಮಾಸ್ತರರನ್ನು ತಯಾರಿಸಿದರೆ ಸಾಲದು, ಶಾಲೆಯನ್ನು ಮುನ್ನಡೆಸುವವರನ್ನೂ ತಯಾರಿಸಬೇಕು.

ಅದಕ್ಕಾಗಿಯೇ ಒಂದು ಸಂಸ್ಥೆ ಅದೇ ಧಾರವಾಡದಲ್ಲಿದೆ. ಶಿಕ್ಷಕರು ಬಹಳ ಕಾಲ ‘ಸೀಮ್ಯಾಟ್’ ಎಂದು ಕರೆದ, ಆಮೇಲೆ ‘ಸಿಸ್ಲೆಪ್’ ಎಂಬ ಹೆಸರು ಪಡೆದ ಸಂಸ್ಥೆಯದು. ಶಾಲಾ ನಾಯಕತ್ವ ಮತ್ತು ಶೈಕ್ಷಣಿಕ ಯೋಜನೆ-ನಿರ್ವಹಣೆಯ ತರಬೇತಿ ಅದರ ಕೆಲಸ. ದೆಹಲಿಯಲ್ಲಿ 2012ರಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಆರಂಭವಾಯಿತು. ಮುಖ್ಯ ಶಿಕ್ಷಕರು ಏನೇನು ಕಲಿಯಬೇಕೆಂಬ ಪಠ್ಯಕ್ರಮವನ್ನು ಅದು ರೂಪಿಸಿತು. ನಾಯಕತ್ವವೆಂದರೇನು ಎಂಬ ತಿಳಿವು, ತನ್ನನ್ನು ತಾನು ತಿದ್ದಿಕೊಳ್ಳುವುದು, ಪಾಠದ ಕ್ರಮವನ್ನು ಉತ್ತಮಪಡಿಸುವುದು, ಶಿಕ್ಷಕರನ್ನು ಒಂದು ತಂಡವಾಗಿ ಕಟ್ಟುವುದು, ಹೊಸ ಪ್ರಯೋಗಗಳಿಗೆ ದಾರಿ ಮಾಡುವುದು, ಹೆತ್ತವರನ್ನೂ ಊರನ್ನೂ ಜೊತೆಗೂಡಿಸಿಕೊಳ್ಳುವುದು, ಆಡಳಿತ ನೋಡಿಕೊಳ್ಳುವುದು ಇವೆಲ್ಲ ಅದರಲ್ಲಿವೆ. ಏಳು ವಿಷಯಗಳಲ್ಲಿ ಆಡಳಿತ ಒಂದು ಮಾತ್ರ ಎಂಬುದನ್ನು ಗಮನಿಸಿ. ನಮ್ಮ ಅನೇಕ ಹೆಡ್‌ಮಾಸ್ತರರ ಇಡೀ ದಿನವನ್ನು ಆ ಒಂದೇ ನುಂಗಿಬಿಡುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮುಖ್ಯ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ತರಬೇತಿ ಪಡೆಯಬೇಕೆಂದು ಹೇಳಿತು. ಒಳ್ಳೆಯ ಮಾತೇ. ಆದರೆ ತರಬೇತಿಯೆಂದರೆ ಸಭಾಂಗಣದಲ್ಲಿ ಕುಳಿತು ಭಾಷಣ ಕೇಳಿ, ಚಹಾ ಕುಡಿದು, ಸಹಿ ಹಾಕಿ ಬರುವುದಾದರೆ ಪ್ರಯೋಜನವಿಲ್ಲ. ಸೈಕಲ್ ಸವಾರಿಯನ್ನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲು ಬರುತ್ತದೆಯೇ?

ಸಿಂಗಾಪುರದಲ್ಲಿ 2001ರಿಂದ ಒಂದು ಪದ್ಧತಿ ಬಂತು. ಮುಂದೆ ಪ್ರಾಂಶುಪಾಲರಾಗಬಲ್ಲವರನ್ನು ಆರಿಸಿ, ಆರು ತಿಂಗಳು ಶಾಲೆಯ ಕೆಲಸದಿಂದ ಬಿಡುವು ಕೊಟ್ಟು ಪೂರ್ಣಾವಧಿ ತರಬೇತಿಗೆ ಕಳಿಸುವ ಪದ್ಧತಿ ಅದು. ಇಂಗ್ಲೆಂಡಿನಲ್ಲಿ 1997ರಲ್ಲಿ ಮುಖ್ಯ ಶಿಕ್ಷಕರಿಗಾಗಿಯೇ ಒಂದು ಅರ್ಹತಾ ಪತ್ರ ಬಂತು. 2009ರಿಂದ 2012ರವರೆಗೆ ಹೊಸದಾಗಿ ಆ ಸ್ಥಾನಕ್ಕೆ ಬರುವವರಿಗೆ ಅದು ಕಡ್ಡಾಯವೂ ಆಗಿತ್ತು. ಕುರ್ಚಿಯಲ್ಲಿ ಕೂರುವುದಕ್ಕೆ ಮೊದಲೇ ತಯಾರು ಮಾಡಬೇಕು ಎಂಬುದು ಈ ಎರಡೂ ದೇಶಗಳು ಹಿಡಿದ ದಾರಿ. ನಮ್ಮಲ್ಲಿ ಸಾಮಾನ್ಯವಾಗಿ ಕುರ್ಚಿ ಮೊದಲು, ಪಾಠ ಆಮೇಲೆ.

ಎಂಟು ಹುಡುಗಿಯರ ಶಾಲೆ

ಯಾವ ತರಬೇತಿ ಕೇಂದ್ರವೂ ಇಲ್ಲದ ಕಾಲದಲ್ಲಿ ತನ್ನನ್ನು ತಾನೇ ತಯಾರು ಮಾಡಿಕೊಂಡ ಒಬ್ಬ ಮುಖ್ಯೋಪಾಧ್ಯಾಯಿನಿಯ ಕಥೆ ಕೇಳಿ. 1880ರಲ್ಲಿ ಬಂಗಾಳದ ರಂಗಪುರ ಪ್ರದೇಶದ ಪಾಯರಾಬಂದ್ ಗ್ರಾಮದಲ್ಲಿ ಹುಟ್ಟಿದ ರುಕಿಯಾ ಸಖಾವತ್ ಹುಸೇನ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಣ್ಣ, ಅಕ್ಕ ಮತ್ತು ಮುಂದೆ ಪತಿಯ ಪ್ರೋತ್ಸಾಹದಿಂದ ಮನೆಯಲ್ಲೇ ಓದು ಕಲಿತರು. 1909ರಲ್ಲಿ ಪತಿ ತೀರಿಕೊಂಡರು. ಹೆಣ್ಣುಮಕ್ಕಳ ಶಾಲೆಗೆಂದು ಅವರು ಮೀಸಲಿಟ್ಟಿದ್ದ ಹಣದಿಂದ ಅದೇ ವರ್ಷ ಭಾಗಲ್ಪುರದಲ್ಲಿ ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ ಕಲ್ಕತ್ತಕ್ಕೆ ಬಂದು 1911ರ ಮಾರ್ಚ್ 16ರಂದು ಎಂಟು ಹುಡುಗಿಯರೊಂದಿಗೆ ಮತ್ತೆ ಆರಂಭಿಸಿದರು. ಅದೇ ಸಖಾವತ್ ಮೆಮೋರಿಯಲ್ ಬಾಲಕಿಯರ ಶಾಲೆ.

ಶಾಲೆ ನಡೆಸುವುದು ಹೇಗೆಂದು ರುಕಿಯಾರಿಗೆ ಗೊತ್ತಿರಲಿಲ್ಲ. ಅವರು ಅದನ್ನು ಮುಚ್ಚಿಡಲೂ ಇಲ್ಲ. ಕಲ್ಕತ್ತದ ಬೇರೆ ಬಾಲಕಿಯರ ಶಾಲೆಗಳಿಗೆ ಹೋದರು. ಅಲ್ಲಿ ಪಾಠ ಹೇಗೆ ಮಾಡುತ್ತಾರೆ, ಆಡಳಿತ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಿ ಕಲಿತರು. ಪರ್ದಾದ ಮನೆಗಳ ಹೆಣ್ಣುಮಕ್ಕಳಿಗಾಗಿ ಪರದೆ ಹಾಕಿದ ಗಾಡಿಯ ವ್ಯವಸ್ಥೆ ಮಾಡಿದರು. ಮನೆಮನೆಗೆ ಹೋಗಿ ಹೆತ್ತವರ ಮನವೊಲಿಸಿದರು. ತಕ್ಕ ಶಿಕ್ಷಕಿಯರು ಸಿಗದಿದ್ದಾಗ ತಾವೇ ತರಬೇತಿ ಕೊಟ್ಟರು. ಮುಸ್ಲಿಮ್ ಮಹಿಳೆಯರಿಗಾಗಿ ಶಿಕ್ಷಕಿಯರ ತರಬೇತಿ ಶಾಲೆ ಬೇಕೆಂದು ಒತ್ತಾಯಿಸುತ್ತಲೇ ಇದ್ದರು. 1919ರಲ್ಲಿ ಸರ್ಕಾರ ಅಂಥ ಶಾಲೆಯನ್ನು ಕಲ್ಕತ್ತದಲ್ಲಿ ತೆರೆಯಿತು.

ಇದರಲ್ಲಿ ನಮಗೆ ದೊಡ್ಡ ಪಾಠವಿದೆ. ಒಳ್ಳೆಯ ಹೆಡ್‌ಮಾಸ್ತರರ ಮೊದಲ ಲಕ್ಷಣ ‘ನನಗೆ ಗೊತ್ತಿಲ್ಲ, ಕಲಿಯುತ್ತೇನೆ’ ಎನ್ನುವ ವಿನಯ. ಎರಡನೆಯದು, ಬಾರದ ಮಗುವನ್ನು ಹುಡುಕಿಕೊಂಡು ಮನೆಯವರೆಗೆ ಹೋಗುವ ಕಾಲು. ಮೂರನೆಯದು, ತನ್ನ ನಂತರವೂ ಕೆಲಸ ನಿಲ್ಲದಂತೆ ಬೇರೆಯವರನ್ನು ಬೆಳೆಸುವ ಮನಸ್ಸು.

ಏಳನೇ ತರಗತಿಯ ಹೊಸ್ತಿಲು

ಮತ್ತೆ ಬ್ಯಾಡಗಿಯ ಆ ಹುಡುಗಿಯ ಬಳಿಗೆ ಬರೋಣ. ಆಕೆ ಏಳನೇ ತರಗತಿ ಮುಗಿಸುತ್ತಿದ್ದಾಳೆ ಎಂದುಕೊಳ್ಳಿ. ನಮ್ಮ ಕಡೆಯ ಎಷ್ಟೋ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಎಂಟನೇ ತರಗತಿಗೆ ಪ್ರೌಢಶಾಲೆಗೆ ಹೋಗಬೇಕು. ಉರ್ದು ಶಾಲೆಯಲ್ಲಿ ಓದಿದ ಹುಡುಗಿಗೆ ಹತ್ತಿರದಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆ ಮಾತ್ರವಿದ್ದರೆ ಹೊಸ ಶಾಲೆಯ ಜೊತೆಗೆ ಹೊಸ ಮಾಧ್ಯಮದ ಭಯವೂ ಸೇರುತ್ತದೆ. ಮನೆಯಲ್ಲಿ ‘ಇಷ್ಟು ಓದಿದ್ದು ಸಾಕು’ ಎಂಬ ಮಾತು ಹುಟ್ಟುವುದು ಇದೇ ಹೊಸ್ತಿಲಲ್ಲಿ.

ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಇರುವುದು ಎಂಟನೇ ತರಗತಿಯವರೆಗೆ. ಅಂದರೆ ಏಳಕ್ಕೆ ಬಿಡಿಸಿದ ಹುಡುಗಿಯ ಹಕ್ಕು ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಕೈತಪ್ಪುತ್ತದೆ. ಬೇರೆ ಶಾಲೆಗೆ ಸೇರಲು ಕೇಳಿದ ಕೂಡಲೇ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರ ಕೊಡಬೇಕು. ವಿಳಂಬ ಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಜರುಗಿಸಲು ಅವಕಾಶವಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ.

ತರಬೇತಿ ಪಡೆಯದ ಹೆಡ್‌ಮಾಸ್ತರರು ವರ್ಗಾವಣೆ ಪತ್ರ ಬರೆದುಕೊಟ್ಟು, ಸಹಿ ಹಾಕಿ, ರಿಜಿಸ್ಟರ್ ಮುಚ್ಚುತ್ತಾರೆ. ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ತಯಾರಾದ ಹೆಡ್‌ಮಾಸ್ತರರ ಕೆಲಸ ಅಲ್ಲಿಂದ ಶುರುವಾಗುತ್ತದೆ. ಜನವರಿಯಲ್ಲೇ ಏಳನೇ ತರಗತಿಯ ಹೆಣ್ಣುಮಕ್ಕಳ ಪಟ್ಟಿ ಮಾಡುತ್ತಾರೆ. ಯಾರ ಮನೆಯಲ್ಲಿ ತೊಂದರೆಯಿದೆ ಎಂದು ಗುರುತಿಸುತ್ತಾರೆ. ಮಕ್ಕಳನ್ನು ಒಂದು ದಿನ ಪ್ರೌಢಶಾಲೆಗೆ ಕರೆದೊಯ್ದು ಅಲ್ಲಿನ ಶಿಕ್ಷಕಿಯರ ಪರಿಚಯ ಮಾಡಿಸುತ್ತಾರೆ. ಕನ್ನಡ ಓದಲು ಕಷ್ಟಪಡುವವರಿಗೆ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ತಂದೆ-ತಾಯಿಯನ್ನು ಕರೆದು, ನಾಲ್ಕೈದು ಹುಡುಗಿಯರು ಜೊತೆಯಾಗಿ ಹೋಗಿಬರುವ ವ್ಯವಸ್ಥೆ ಮಾಡೋಣ ಎನ್ನುತ್ತಾರೆ. ಜೂನ್‌ನಲ್ಲಿ ಪ್ರೌಢಶಾಲೆಗೆ ಫೋನ್ ಮಾಡಿ, ನಾವು ಕಳಿಸಿದ ಇಷ್ಟು ಮಂದಿಯಲ್ಲಿ ಎಷ್ಟು ಮಂದಿ ಬಂದು ಸೇರಿದರು ಎಂದು ಎಣಿಸುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ತಿಳಿವಳಿಕೆ ಬೇಕು.

ಇನ್ನೊಂದು ಸಣ್ಣ ಸಂಗತಿ. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲಿ ಬರೆಯುವ ಹೆಸರು ಮತ್ತು ಜನ್ಮದಿನಾಂಕ ಆ ಮಗುವಿನ ಬದುಕಿನುದ್ದಕ್ಕೂ ಬರುತ್ತವೆ. ನಮ್ಮ ಮಕ್ಕಳ ಹೆಸರುಗಳು ಬರೆಯುವವರ ಕಿವಿಗೆ ಬಿದ್ದಂತೆ ಬದಲಾಗುತ್ತವೆ. ಆಯಿಷಾ ‘ಆಶಾ’ ಆಗುತ್ತಾಳೆ, ಝುಬೈದಾ ‘ಜುಬೇದ’ ಆಗುತ್ತಾಳೆ. ತಂದೆಯ ಹೆಸರು ಒಂದು ಕಡೆ ‘ಮಹ್ಮದ್’, ಇನ್ನೊಂದು ಕಡೆ ‘ಮೊಹಮ್ಮದ್’. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು. ಮುಂದೆ ವಿದ್ಯಾರ್ಥಿವೇತನಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವಾಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವಳು ಅದೇ ಮಗಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲಂತೂ ತಿದ್ದುಪಡಿ ಸುಲಭವಲ್ಲ. ನುರಿತ ಹೆಡ್‌ಮಾಸ್ತರರು ದಾಖಲಾತಿಯ ದಿನ ಜನನ ಪ್ರಮಾಣಪತ್ರ ಕೇಳಿ ನೋಡುತ್ತಾರೆ, ಬರೆದದ್ದನ್ನು ತಾಯಿಗೆ ಓದಿ ಹೇಳುತ್ತಾರೆ, ‘ಸರಿ ಐತೇನ್ರೀ?’ ಎಂದು ಕೇಳಿದ ಮೇಲೆಯೇ ಸಹಿ ಹಾಕಿಸುತ್ತಾರೆ. ಎರಡು ನಿಮಿಷದ ಕೆಲಸ, ಮಗಳಿಗೆ ಜನ್ಮಪೂರ್ತಿ ಉಪಕಾರ.

ನಮ್ಮವರೇ ನಡೆಸುವ ಶಾಲೆಗಳು

ಸರ್ಕಾರಿ ಶಾಲೆಯ ಮಾತಾಯಿತು. ನಮ್ಮ ಸಮುದಾಯದವರು ನಡೆಸುವ ಶಾಲೆಗಳ ಕಡೆಗೂ ಒಮ್ಮೆ ತಿರುಗಿ ನೋಡೋಣ. ಇಲ್ಲಿ ಪ್ರಾಂಶುಪಾಲರನ್ನು ಆರಿಸುವುದು ಆಡಳಿತ ಮಂಡಳಿ. ಸೇವಾ ಜ್ಯೇಷ್ಠತೆಯ ಕಟ್ಟಿಲ್ಲ, ವರ್ಗಾವಣೆಯ ತಾಪತ್ರಯವಿಲ್ಲ. ಬೇಕೆಂದರೆ ಬಹಳ ಒಳ್ಳೆಯದನ್ನು ಮಾಡಬಹುದು. ಆದರೆ ನಾವು ಏನು ಮಾಡುತ್ತಿದ್ದೇವೆ? ಶಾಲೆಗೆ ಚಂದಾ ಎತ್ತುವಾಗ ಕಟ್ಟಡಕ್ಕೆ, ಕಂಪ್ಯೂಟರಿಗೆ, ಬಸ್ಸಿಗೆ ಎಂದು ಕೇಳುತ್ತೇವೆ, ದಾನಿಗಳೂ ಕೊಡುತ್ತಾರೆ. ‘ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ತರಬೇತಿಗೆ ಕಳಿಸಬೇಕು, ಅದಕ್ಕೆ ಸಹಾಯ ಮಾಡಿ’ ಎಂದು ಯಾರಾದರೂ ಕೇಳಿದ್ದನ್ನು ಕಂಡಿದ್ದೀರಾ? ಕಮಾನಿನ ಮೇಲೆ ದಾನಿಯ ಹೆಸರು ಕೆತ್ತಿಸಬಹುದು, ತರಬೇತಿಯ ಮೇಲೆ ಕೆತ್ತಿಸಲು ಬರುವುದಿಲ್ಲವಲ್ಲ!

ಪ್ರಾಂಶುಪಾಲರಿಗೆ ಕಡಿಮೆ ಸಂಬಳ ಕೊಟ್ಟು, ಪ್ರತಿಯೊಂದಕ್ಕೂ ಮಂಡಳಿಯ ಸದಸ್ಯರ ಮುಖ ನೋಡುವಂತೆ ಮಾಡಿದರೆ ಅವರು ಪ್ರಾಂಶುಪಾಲರಾಗಿ ಉಳಿಯುವುದಿಲ್ಲ, ಗುಮಾಸ್ತರಾಗುತ್ತಾರೆ. ಅಧಿಕಾರವನ್ನು ಅರ್ಹರಿಗೆ ವಹಿಸುವುದು ಅಮಾನತ್ತಿನ ವಿಷಯ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಶಾಲೆಯ ಕುರ್ಚಿಗೆ ಯಾರನ್ನು ಕೂರಿಸಬೇಕು ಎನ್ನುವಾಗ ಮಾತ್ರ ಬಂಧುತ್ವ, ಪರಿಚಯಗಳು ಮುಂದೆ ಬರುತ್ತವೆ. ನೂರಾರು ಮಕ್ಕಳ ಭವಿಷ್ಯಕ್ಕಿಂತ ದೊಡ್ಡ ಅಮಾನತ್ತು ಯಾವುದಿದೆ?

ಮನೆಯಲ್ಲೊಬ್ಬಳು ಹೆಡ್‌ಮಿಸ್ಟ್ರೆಸ್

ಈಗ ನಿಮ್ಮ ಮನೆಯ ಮಾತು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಶಿಕ್ಷಕಿಯಾದ ಮಗಳಿದ್ದಾಳೆ, ಸೊಸೆಯಿದ್ದಾಳೆ. ಬಡ್ತಿ ಬಂದಾಗ ಅವಳು ‘ಬೇಡ’ ಎನ್ನುತ್ತಾಳೆ. ಯಾಕೆ? ಹೆಡ್‌ಮಿಸ್ಟ್ರೆಸ್ ಆದರೆ ಸಂಜೆ ತಡವಾಗುತ್ತದೆ, ಸಭೆಗೆ ಹಾವೇರಿಗೆ ಹೋಗಬೇಕು, ತರಬೇತಿಗೆ ಧಾರವಾಡದಲ್ಲಿ ನಾಲ್ಕು ದಿನ ಉಳಿಯಬೇಕು. ಮನೆಯಲ್ಲಿ ರೊಟ್ಟಿ ತಟ್ಟುವವರು ಯಾರು? ಮಕ್ಕಳನ್ನು ನೋಡುವವರು ಯಾರು? ಮನೆಯವರು ಬಾಯಿಬಿಟ್ಟು ‘ಬೇಡ’ ಎನ್ನುವುದಿಲ್ಲ, ಆದರೆ ‘ಹೋಗು, ನಾವಿದ್ದೇವೆ’ ಎಂದೂ ಹೇಳುವುದಿಲ್ಲ. ಅವಳು ಅರ್ಥಮಾಡಿಕೊಂಡು ಸುಮ್ಮನಾಗುತ್ತಾಳೆ.

ಅತ್ತೆಯರೇ, ನಿಮ್ಮಲ್ಲೊಂದು ಪ್ರೀತಿಯ ವಿನಂತಿ. ಸೊಸೆ ತರಬೇತಿಗೆ ಹೋದ ನಾಲ್ಕು ದಿನ ಒಲೆಯ ಮುಂದೆ ನೀವು ನಿಂತರೆ ಅದು ಬರಿಯ ಸೊಸೆಗೆ ಮಾಡಿದ ಉಪಕಾರವಲ್ಲ. ಆ ಶಾಲೆಯ ಅಷ್ಟೂ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ. ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದರೆ ‘ಟೀಚರ್, ಹೊಟ್ಟೆನೋವು’ ಎಂದು ಹೇಳಲು ಹನ್ನೆರಡು ವರ್ಷದ ಹುಡುಗಿಗೆ ನಾಚಿಕೆಯಾಗುವುದಿಲ್ಲ. ‘ನಮ್ಮ ಹೆಡ್‌ಮಿಸ್ಟ್ರೆಸ್ ಹಾಗೆ ನಾನೂ ಆಗಬೇಕು’ ಎಂಬ ಆಸೆಯೂ ಅಲ್ಲೇ ಮೊಳೆಯುತ್ತದೆ.

ತಾಯಂದಿರು ಮಾಡಬಹುದಾದದ್ದು

ಹೆಡ್‌ಮಾಸ್ತರರನ್ನು ತಯಾರು ಮಾಡುವುದು ಸರ್ಕಾರದ ಕೆಲಸ, ನಾವೇನು ಮಾಡಲು ಸಾಧ್ಯ ಎನ್ನುತ್ತೀರಾ? ಸಾಧ್ಯವಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದಲೇ ಎಸ್‌ಡಿಎಂಸಿ ಎಂಬ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಸರ್ಕಾರಿ ಶಾಲೆಯ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಹೆತ್ತವರು ಅಥವಾ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಅರ್ಧ ನೀವೇ! ಆದರೆ ಸಭೆಗೆ ಗಂಡ ಹೋಗಿ ಹೆಂಡತಿಯ ಸಹಿಯನ್ನು ಮನೆಗೆ ಬಂದು ಹಾಕಿಸಿಕೊಂಡು ಹೋದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಸಭೆಗೆ ನೀವೇ ಹೋಗಿ. ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಈ ತಿಂಗಳು ಹೆಚ್ಚು ದಿನ ತಪ್ಪಿಸಿಕೊಂಡ ಮಕ್ಕಳು ಯಾರು, ಅವರ ಮನೆಗೆ ಯಾರು ಹೋದರು? ಮೂರನೇ ತರಗತಿ ಮುಗಿಸಿದ ನಮ್ಮ ಮಕ್ಕಳು ಒಂದು ಪುಟವನ್ನು ತಡೆಯದೆ ಓದುತ್ತಾರೆಯೇ? ಕಳೆದ ವರ್ಷ ಏಳನೇ ತರಗತಿ ಮುಗಿಸಿದ ಹುಡುಗಿಯರಲ್ಲಿ ಎಷ್ಟು ಮಂದಿ ಎಂಟಕ್ಕೆ ಸೇರಿದರು? ಮುಖ್ಯ ಶಿಕ್ಷಕರಿಗೆ ತರಬೇತಿ ಸಿಕ್ಕಿದೆಯೇ, ಇಲ್ಲವಾದರೆ ಅವರನ್ನು ಕಳಿಸಿ ಎಂದು ಶಿಕ್ಷಣ ಇಲಾಖೆಗೆ ಸಮಿತಿಯಿಂದ ಪತ್ರ ಬರೆಯೋಣವೇ?

ನಾಲ್ಕನೆಯ ಪ್ರಶ್ನೆ ಕೇಳಿದ ದಿನ ಹೆಡ್‌ಮಾಸ್ತರರ ಮುಖ ನೋಡಿ. ಹೆಚ್ಚಿನವರಿಗೆ ಸಿಟ್ಟು ಬರುವುದಿಲ್ಲ, ಸಮಾಧಾನವಾಗುತ್ತದೆ. ಇಷ್ಟು ವರ್ಷ ಶೌಚಾಲಯದ ನೀರು, ಬಿಸಿಯೂಟದ ಬೇಳೆಯ ಬಗ್ಗೆ ಜಗಳಕ್ಕೆಂದೇ ಬಂದವರನ್ನು ಅವರು ನೋಡಿರುತ್ತಾರೆ. ‘ನಿಮಗೆ ಏನು ಬೇಕು?’ ಎಂದು ಕೇಳಿದವರು ಅಪರೂಪ. ಅವರೂ ಮನುಷ್ಯರೇ. ಯಾರೂ ಕಲಿಸಿಕೊಡದ ಕೆಲಸವನ್ನು ಒಂಟಿಯಾಗಿ ಹೊತ್ತುಕೊಂಡಿರುವವರು.

ಬ್ಯಾಡಗಿ ಮೆಣಸಿನಕಾಯಿಯ ಗುಣ ನಿಮಗೆ ಗೊತ್ತೇ ಇದೆ. ಅದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಹೆಡ್‌ಮಾಸ್ತರರೆಂದರೆ ಬೆತ್ತ, ಗದರಿಕೆ, ಬಿಗಿದ ಮುಖ ಎಂಬ ಕಾಲವೊಂದಿತ್ತು, ಬರೀ ಖಾರ. ನಮ್ಮ ಮಕ್ಕಳ ಶಾಲೆಗೆ ಬೇಕಾದದ್ದು ಇಡೀ ಪಾತ್ರೆಗೆ ಬಣ್ಣ ತುಂಬುವವರು. ಮೆಣಸಿನಕಾಯಿಗೆ ಆ ಬಣ್ಣ ಗಿಡದಲ್ಲಿರುವಾಗಲೇ ಬರುತ್ತದೆ. ಹೆಡ್‌ಮಾಸ್ತರರಿಗೆ ಬರುವುದು ಕಲಿಕೆಯಿಂದ.

ಈ ವರ್ಷದ ಸೀಸನ್ನೂ ಮುಗಿಯುತ್ತದೆ, ಜೂನ್ ಬರುತ್ತದೆ. ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಹಾಜರಿ ಕೂಗುವಾಗ ತೊಟ್ಟು ಬಿಡಿಸುವ ಆ ತಾಯಿಯ ಮಗಳು ‘ಹಾಜರ್ ಟೀಚರ್’ ಎಂದು ಎದ್ದು ನಿಲ್ಲಬೇಕು. ಆ ಒಂದು ದನಿಗಾಗಿ ಹೆಡ್‌ಮಾಸ್ತರರೂ ತಯಾರಾಗಲಿ, ನಾವೂ ತಯಾರಾಗೋಣ. ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು ಎಂದು ನಾಳೆ ಬೆಳಿಗ್ಗೆಯೇ ಶಾಲೆಯಲ್ಲಿ ಕೇಳಿ ಬರುತ್ತೀರಲ್ಲ?